ಸೋಮವಾರ ಶಾಲೆ ಶುರು, ಮಕ್ಕಳನ್ನು ಕಳಿಸಿಕೊಡಿ

ಪ್ರೀತಿಯ ಪೋಷಕರೇ, ನಮಸ್ಕಾರ.

ಸುಂಟರಗಾಳಿ ಬೀಸಿ ಹತ್ತೊಂಬತ್ತು ದಿನ ಆಯಿತು. ಬರುವ ಸೋಮವಾರದಿಂದ ಶಾಲೆ ಶುರು ಮಾಡುತ್ತಿದ್ದೇವೆ. "ಅಕ್ಕೋರ, ಮನೀನ ನಿಂತಿಲ್ಲ, ಹುಡುಗರನ್ನ ಹೆಂಗ ಸಾಲಿಗೆ ಕಳಸೂದ್ರಿ?" ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅದಕ್ಕೇ ಈ ಪತ್ರ.

ಕಳಿಸಿ. ಯೂನಿಫಾರ್ಮ್ ಹರಿದಿದ್ದರೂ ಕಳಿಸಿ, ಪಾಟಿಚೀಲ ಇಲ್ಲದಿದ್ದರೂ ಕಳಿಸಿ. ಪಠ್ಯಪುಸ್ತಕ ಸರ್ಕಾರದಿಂದ ಬರುತ್ತದೆ, ನೋಟ್‌ಬುಕ್ ನಾವು ಶಿಕ್ಷಕರು ಕೂಡಿಸಿ ಇಟ್ಟಿದ್ದೇವೆ. ಮಧ್ಯಾಹ್ನದ ಬಿಸಿಯೂಟ ಮೊದಲ ದಿನದಿಂದಲೇ ಇರುತ್ತದೆ.

ಚಾವಣಿಯ ತಗಡು, ಅಂದರೆ ಪತ್ರಾಸ್, ಹಾರಿಹೋದ ಎರಡು ಕೋಣೆಗಳಿಗೆ ಬೀಗ ಹಾಕಿದ್ದೇವೆ. ಗೋಡೆ ಬಿರುಕು ಬಿಟ್ಟಿದೆ, ಆ ಕಡೆ ಮಕ್ಕಳು ಸುಳಿಯಬಾರದು. ಆರು ಮತ್ತು ಏಳನೇ ತರಗತಿ ಸಮುದಾಯ ಭವನದಲ್ಲಿ ನಡೆಯುತ್ತವೆ. ಉಳಿದವು ಆರ್‌ಸಿಸಿ ಕೋಣೆಗಳಲ್ಲಿ.

ಒಬ್ಬ ಹುಡುಗ ಮೊನ್ನೆ ನನ್ನನ್ನು ಕೇಳಿದ, ಬೇರೆ ದೇಶದಲ್ಲೂ ಹೀಗಾಗುತ್ತದಾ ಅಂತ. ಅವನಿಗೆ ಅಮೆರಿಕದ ಜಾಪ್ಲಿನ್ ಊರಿನ ಕಥೆ ಹೇಳಿದೆ. 2011ರ ಮೇ 22ರಂದು ಅಲ್ಲಿ ಬೀಸಿದ ಸುಂಟರಗಾಳಿಗೆ ನೂರೈವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಹೈಸ್ಕೂಲ್ ನೆಲಸಮ ಆಯಿತು. ಆದರೂ ಆಗಸ್ಟ್ 17ಕ್ಕೆ ಶಾಲೆ ತೆರೆದೇ ತೆರೆಯುತ್ತೇವೆ ಎಂದು ಹೇಳಿದರು, ಹಾಗೇ ತೆರೆದರು. ದೊಡ್ಡ ತರಗತಿಯ ಮಕ್ಕಳು ಮಾಲ್ ಒಂದರ ಖಾಲಿ ಅಂಗಡಿಯಲ್ಲಿ ಕೂತು ಓದಿದರು. "ಹಂಗಾದ್ರ ನಾವು ಸಮುದಾಯ ಭವನದಾಗ ಕುಂದ್ರೂದು ಏನ್ ದೊಡ್ಡದ್ರಿ" ಅಂದ ಆ ಹುಡುಗ. ಅವನ ಮನೆಯ ಅರ್ಧ ಗೋಡೆ ಮಾತ್ರ ನಿಂತಿದೆ.

ಇನ್ನೊಂದು ಮಾತು. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಸುಂಟರಗಾಳಿ ಬೀಸಿದ ರಾತ್ರಿ ಶಾಲೆಯಲ್ಲೇ ಮಲಗಿದ್ದ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ಮೂರನೇ ತರಗತಿಯ ಹುಡುಗಿಯೊಬ್ಬಳು ಹೊರಗೆ ಯಾರೋ ಪತ್ರಾಸ್ ಎಳೆದ ಸದ್ದಿಗೆ ಬೆಂಚಿನ ಕೆಳಗೆ ನುಸುಳಿದಳು. ಕೈಯಲ್ಲಿದ್ದ ರೊಟ್ಟಿ ಬಿಡಲಿಲ್ಲ, ಬಾಯಿಗೂ ಹಾಕಲಿಲ್ಲ. ಅವಳನ್ನು ಹೊರಗೆ ಕರೆಯಲು ಅರ್ಧ ತಾಸು ಬೇಕಾಯಿತು. ಇಂಥ ಮಕ್ಕಳು ಇನ್ನೂ ಇದ್ದಾರೆ. ಕೆಲವರು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದಾರೆ, ಕೆಲವರು ಅವ್ವನ ಸೆರಗು ಬಿಡುತ್ತಿಲ್ಲ. ದಯವಿಟ್ಟು ಬೈಯಬೇಡಿ. "ಗಂಡಸಾಗಿ ಅಳ್ತೀಯಾ" ಅನ್ನಬೇಡಿ. ಪಕ್ಕದಲ್ಲಿ ಮಲಗಿಸಿಕೊಳ್ಳಿ, ಹೇಳಿದ್ದನ್ನೇ ಹತ್ತು ಸಲ ಹೇಳಿದರೂ ಕೇಳಿಸಿಕೊಳ್ಳಿ. ವಾರಗಟ್ಟಲೆ ಹೀಗೇ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ದೇವರು ಸಿಟ್ಟಾದ, ಊರಿಗೆ ಪಾಪ ತಟ್ಟಿತು ಎಂಬ ಮಾತನ್ನೂ ಮಕ್ಕಳ ಮುಂದೆ ಆಡಬೇಡಿ. ಬೇಸಿಗೆ ಕೊನೆಗೆ ನೆಲ ಕಾದು, ತೇವದ ಗಾಳಿ ಮೇಲೇರಿ ಗುಡುಗಿನ ಮೋಡ ಎದ್ದಾಗ ಇಂಥ ಬಿರುಗಾಳಿ ಬರುತ್ತದೆ. ಮುಂಗಾರು ಸರಿಯಾಗಿ ಹಿಡಿದ ಮೇಲೆ ಇದು ಕಡಿಮೆ. ಇಷ್ಟು ತಿಳಿದರೆ ಮಕ್ಕಳಿಗೆ ಎಷ್ಟೋ ಧೈರ್ಯ ಬರುತ್ತದೆ, ಅಲ್ವಾ?

ಮಿರಗದ ಮಳೆ ಹತ್ತಿರ ಬಂತು. ಬಿತ್ತನೆ, ಮನೆ ರಿಪೇರಿ, ದ್ರಾಕ್ಷಿ ಶೆಡ್ಡಿನ ಕೆಲಸ ಎಲ್ಲವೂ ಒಟ್ಟಿಗೇ ಬಂದಿವೆ, ಗೊತ್ತು. ಆದರೂ ಏಳನೇ ತರಗತಿಯ ಹುಡುಗರನ್ನು ಇಟ್ಟಿಗೆ ಹೊರಲು ನಿಲ್ಲಿಸಿಕೊಳ್ಳಬೇಡಿ. ಮುಯ್ಯಾಳಾಗಿ ಬರಲು ಪಕ್ಕದ ಓಣಿಯವರು ತಯಾರಿದ್ದಾರೆ, ಕೇಳಲು ಸಂಕೋಚ ಬೇಡ. 2019ರಲ್ಲಿ ಕೃಷ್ಣಾ ನದಿ ಉಕ್ಕಿದಾಗ ನಮ್ಮೂರಿನ ಹೆಣ್ಣುಮಕ್ಕಳು ರಾತ್ರಿಯೆಲ್ಲ ರೊಟ್ಟಿ ಬಡಿದು ಹೊಳೆಸಾಲಿನ ಒಂದು ಊರಿಗೆ ಟ್ರ್ಯಾಕ್ಟರ್‌ನಲ್ಲಿ ಕಳಿಸಿದ್ದರು. ಈ ಸಲ ಹೊಳೆಸಾಲಿನ ಆ ಊರಿನವರೇ ಎರಡನೇ ದಿನ ಬೆಳಿಗ್ಗೆ ಬಂದರು. ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದಿದ್ದರು. ಒಂದು ಗಂಟನ್ನು ನಾನೇ ಬಿಚ್ಚಿದೆ. ರೊಟ್ಟಿಯ ನಡುವೆ ಮಕ್ಕಳಿಗೆಂದು ಯಾರೋ ನಾಲ್ಕು ಪೆನ್ಸಿಲ್ ಇಟ್ಟಿದ್ದರು. ಆಗ ನನಗೆ ಅಳು ತಡೆಯಲಾಗಲಿಲ್ಲ.

ಕಾಗದಪತ್ರ ಹಾರಿಹೋದವರು ಗಾಬರಿಯಾಗಬೇಡಿ. ಮಕ್ಕಳ ದಾಖಲಾತಿ ಶಿಕ್ಷಣ ಇಲಾಖೆಯ ಎಸ್‌ಎಟಿಎಸ್ ಕಂಪ್ಯೂಟರಿನಲ್ಲಿ ಭದ್ರವಾಗಿದೆ, ವ್ಯಾಸಂಗ ಪ್ರಮಾಣಪತ್ರ ಬರೆದುಕೊಡುತ್ತೇನೆ. ಮನೆ ಹಾನಿಯ ಪಂಚನಾಮೆಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನು ಬೇಗ ಕಾಣಿ. ಅರ್ಜಿ ಬರೆಯಲು ಬಾರದವರು ಸಂಜೆ ಐದರ ನಂತರ ಶಾಲೆಗೆ ಬನ್ನಿ, ಕೂತು ಬರೆಯೋಣ. ಬಿದ್ದ ಕರೆಂಟ್ ತಂತಿ ಕಂಡರೆ ಯಾರೂ ಮುಟ್ಟಬೇಡಿ, 1912ಕ್ಕೆ ತಿಳಿಸಿ.

ಸೋಮವಾರ ಬೆಳಿಗ್ಗೆ ನೀವೂ ಮಕ್ಕಳ ಜೊತೆ ಬನ್ನಿ. ಅಂಗಳದ ಬೇವಿನ ಮರ ಬಿದ್ದಿದೆ, ನೆರಳಿಲ್ಲ. ಪ್ರಾರ್ಥನೆಯನ್ನು ಜಗಲಿಯಲ್ಲೇ ಮಾಡೋಣ. ಊಟಕ್ಕೆ ತಾಟು ಇಲ್ಲದ ಮಕ್ಕಳಿಗೆ ಇಲ್ಲಿ ಕೊಡುತ್ತೇವೆ.

ನಿಮ್ಮ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ವಿಜಯಪುರ ಜಿಲ್ಲೆ