ಪುಟ್ಟನಿಗೆ, ಹೀಲಿ ಕಾರಿನ ವಿಷಯವಾಗಿ

ಕೊವೆಂಟ್ರಿ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೊ ನೋಡಿದೆ. ಆಸ್ಟಿನ್-ಹೀಲಿ 100ಎಂ, 1956ರ ಗಾಡಿ, ಎರಡು ಬಣ್ಣ, ಬಾನೆಟ್ ಮೇಲೆ ತೊಗಲಿನ ಬೆಲ್ಟು. ಚೆಂದವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಗೆಂದು ಕೂಡಿಟ್ಟ ದುಡ್ಡನ್ನು ಅದಕ್ಕೆ ಹಾಕುತ್ತೇನೆ, ಹತ್ತು ವರ್ಷ ಬಿಟ್ಟು ಮಾರಿದರೆ ಲಾಭವೇ ಲಾಭ ಅಂತ ಬರೆದಿದ್ದೀಯ. ಅದನ್ನು ಓದಿ ನನಗೆ ಸುಮ್ಮನಿರಲು ಆಗಲಿಲ್ಲ. ಮುಂಗಡ ಕೊಡುವ ಮೊದಲು ಈ ಪತ್ರ ಪೂರ್ತಿ ಓದು.

ಹೀಲಿ 100 ಅಪರೂಪದ ಕಾರೇನೂ ಅಲ್ಲ. 1952ರ ಲಂಡನ್ ಮೋಟಾರ್ ಪ್ರದರ್ಶನದಲ್ಲಿ ಅದನ್ನು ರೂಪಿಸಿದ ಡೊನಾಲ್ಡ್ ಹೀಲಿ ತಂದು ನಿಲ್ಲಿಸಿದಾಗ, ಆಸ್ಟಿನ್ ಕಂಪನಿಯ ಲೆನಾರ್ಡ್ ಲಾರ್ಡ್ ಅಲ್ಲೇ ಮೆಚ್ಚಿ ತಾನೇ ತಯಾರಿಸುತ್ತೇನೆ ಅಂದರು. 1956ರೊಳಗೆ 14,000ಕ್ಕೂ ಜಾಸ್ತಿ ಕಾರು ಹೊರಬಂದವು. ಹೆಚ್ಚಿನವು ಅಮೆರಿಕಕ್ಕೆ ಹೋದವು. ಅಪರೂಪದ್ದು ನಿನ್ನ ಕಣ್ಣಿಗೆ ಬಿದ್ದಿರುವ 100ಎಂ. ಕಾರ್ಖಾನೆಯ ಲೆಕ್ಕದಲ್ಲಿ ಅವು 640 ಮಾತ್ರ. ಗಾಳಿ ಪೆಟ್ರೋಲು ಬೆರೆಸುವ ದೊಡ್ಡ ಕಾರ್ಬ್ಯುರೇಟರ್, ಎಂಜಿನ್‌ಗೆ ತಣ್ಣನೆ ಗಾಳಿ ತರುವ ಪೆಟ್ಟಿಗೆ, ಗಾಳಿಕಿಂಡಿ ಇರುವ ಬಾನೆಟ್, ಹೆಚ್ಚು ಕಂಪ್ರೆಶನ್‌ನ ಪಿಸ್ಟನ್. ಎಂಜಿನ್ ಶಕ್ತಿ 90 ಅಶ್ವಶಕ್ತಿಯಿಂದ 110ಕ್ಕೆ ಏರಿತು.

ತೊಂದರೆ ಇರುವುದು ಇಲ್ಲೇ. ಇದರಲ್ಲಿ ಕೆಲವು ಬಿಡಿಭಾಗಗಳನ್ನು, ಫ್ರಾನ್ಸಿನ ಲೆ ಮಾನ್ಸ್ ರೇಸಿನ ಹೆಸರಿಟ್ಟು, 'ಲೆ ಮಾನ್ಸ್ ಕಿಟ್' ಅಂತ ಆಗಲೇ ಮಾರುತ್ತಿದ್ದರು. ಯಾವ ಹೀಲಿ 100ಕ್ಕೆ ಬೇಕಾದರೂ ಹಾಕಿಸಬಹುದಿತ್ತು. ಈಗಲೂ ಹೊಸದಾಗಿ ಮಾಡಿದ ಭಾಗಗಳು ಸಿಗುತ್ತವೆ. ಹಾಗಾಗಿ ಸಾದಾ 100 ಒಂದನ್ನು 100ಎಂ ತರಹ ಕಾಣುವಂತೆ ಮಾಡುವುದು ಒಳ್ಳೆಯ ಮೆಕ್ಯಾನಿಕ್‌ಗೆ ದೊಡ್ಡ ಕೆಲಸವಲ್ಲ. ನೋಡಲು ಎರಡೂ ಒಂದೇ, ಓಡುವುದೂ ಒಂದೇ. ಬೆಲೆ ಮಾತ್ರ ಒಂದೇ ಅಲ್ಲ. ಆ ವ್ಯತ್ಯಾಸದ ದುಡ್ಡಿಗೆ ನಿನಗೆ ಸಿಗುವುದು ಒಂದು ದಾಖಲೆ, ಅಷ್ಟೇ. ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನವರು ಹಳೆಯ ಕಾರ್ಖಾನೆ ಪುಸ್ತಕಗಳನ್ನು ನೋಡಿ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಷಾಸಿ (ಗಾಡಿಯ ಅಡಿಚೌಕಟ್ಟು) ನಂಬರ್, ಎಂಜಿನ್ ನಂಬರ್, ಮೊದಲ ಬಣ್ಣ, ಯಾವ ದೇಶಕ್ಕೆ ಹೋಯಿತು, ಎಲ್ಲ ಅದರಲ್ಲಿ ಇರುತ್ತದೆ. ಅದು ಕೈಗೆ ಬಂದು, ಗಾಡಿಯ ಮೇಲಿನ ನಂಬರಿಗೆ ತಾಳೆಯಾಗುವ ತನಕ ನಿನ್ನ ಮುಂದಿರುವುದು ಸಾದಾ 100 ಅಂತಲೇ ತಿಳಿದುಕೊ, ಆ ಬೆಲೆಯನ್ನೇ ಮಾತಾಡು.

ಚರಿತ್ರೆಗೆ ಎಷ್ಟು ಬೆಲೆ ಅನ್ನುವುದಕ್ಕೆ ಒಂದು ಕಾರಿನ ವಿಷಯ ಹೇಳುತ್ತೇನೆ. ಹೇಳುವಾಗ ಮನಸ್ಸು ಭಾರವಾಗುತ್ತದೆ. ರೇಸಿಗೆಂದೇ ಅಲ್ಯೂಮಿನಿಯಂ ಮೈಯಿನ 100ಎಸ್ ಅಂತ ಸುಮಾರು 50 ಕಾರು ಮಾಡಿದ್ದರು. ಅದೇ ಗುಂಪಿನ, ಕಂಪನಿಯೇ ರೇಸಿಗೆ ಇಟ್ಟುಕೊಂಡಿದ್ದ ಒಂದು ಕಾರಿನ ನಂಬರ್ ಎನ್‌ಒಜೆ 393. 1955ರ ಲೆ ಮಾನ್ಸ್ ರೇಸಿನಲ್ಲಿ ಲ್ಯಾನ್ಸ್ ಮ್ಯಾಕ್ಲಿನ್ ಓಡಿಸುತ್ತಿದ್ದ ಈ ಕಾರಿನ ಹಿಂಭಾಗಕ್ಕೆ ಪಿಯರ್ ಲೆವೆಯವರ ಮರ್ಸಿಡಿಸ್ ಬಡಿದು ಜನರ ಮೇಲೆ ಹಾರಿತು. 80ಕ್ಕೂ ಹೆಚ್ಚು ಜನ ಸತ್ತರು. 2011ರ ಡಿಸೆಂಬರ್‌ನಲ್ಲಿ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಆ ಕಾರು ರಿಪೇರಿಯಿಲ್ಲದ ಸ್ಥಿತಿಯಲ್ಲೇ 8,43,000 ಪೌಂಡಿಗೆ ಹೋಯಿತು. ಹೊಳಪು ನೋಡಿ ಯಾರೂ ಅಷ್ಟು ಕೊಡಲಿಲ್ಲ. ಇದು ಅದೇ ಕಾರು ಅನ್ನುವುದರಲ್ಲಿ ಸಂಶಯ ಇರಲಿಲ್ಲ, ಅದಕ್ಕೇ ಕೊಟ್ಟರು.

ಇನ್ನು ಲಾಭದ ಮಾತು. ಇಲ್ಲಿ ಬ್ರಿಟನ್ನಿನಲ್ಲಿ ಕಾರು ಮಾರಿ ಬಂದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ತೆರಿಗೆ ಇಲ್ಲ, ನಿಜ. 40 ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆಯೂ ಇಲ್ಲ. ನಿನಗೆ ಯಾರೋ ಇಷ್ಟನ್ನೇ ಹೇಳಿದ್ದಾರೆ ಅಂತ ಕಾಣುತ್ತದೆ. ನಷ್ಟವಾದರೆ ಅದನ್ನು ಬೇರೆ ಲಾಭದಲ್ಲಿ ಕಳೆದುಕೊಳ್ಳಲೂ ಆಗುವುದಿಲ್ಲ ಅಂತ ಹೇಳಿದರೇ? ಗ್ಯಾರೇಜು, ವಿಮೆ, ರಿಪೇರಿ, ಹರಾಜಿನವರ ಕಮಿಷನ್, ಎಲ್ಲ ನಿನ್ನ ಜೇಬಿನಿಂದಲೇ. ಬಾಡಿಗೆಯೂ ಬರಲ್ಲ, ಬಡ್ಡಿಯೂ ಬರಲ್ಲ. 1989ರ ಸುಮಾರಿಗೆ ಹಳೆ ಕಾರುಗಳ ಬೆಲೆ ಹುಚ್ಚಾಪಟ್ಟೆ ಏರಿತ್ತು. ಆಗ ಇಲ್ಲಿ ಬ್ಯಾಂಕ್ ಬಡ್ಡಿ ದರ ಶೇಕಡಾ 15ರ ಹತ್ತಿರ. ಸಾಲ ಮಾಡಿ ಕೊಂಡವರೂ ಇದ್ದರು. ಎರಡು ಮೂರು ವರ್ಷದಲ್ಲಿ ಬೆಲೆ ಬಿದ್ದು, ಕೊಳ್ಳುವವರೇ ಇಲ್ಲದ ಹಾಗಾಯಿತು. ಇನ್ನೊಂದು ಯೋಚನೆ ನನ್ನದು: ಹುಡುಗರಾಗಿದ್ದಾಗ ಈ ಕಾರಿಗೆ ಆಸೆಪಟ್ಟ ತಲೆಮಾರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಅವರ ಗಾಡಿಗಳೆಲ್ಲ ಮಾರಾಟಕ್ಕೆ ಬರುವಾಗ ಕೊಳ್ಳುವವರು ಯಾರು?

ಹಾಗಂತ ಬೇಡ ಅನ್ನುತ್ತಿಲ್ಲ. ಮನೆಯ ದುಡ್ಡು ಮುಟ್ಟಬೇಡ, ಸಾಲ ಮಾಡಬೇಡ. ಓಡಿಸುವ ಆಸೆಯಿದ್ದರೆ ಇನ್ನೆರಡು ವರ್ಷ ಕೂಡಿಸಿ, ಗಟ್ಟಿಯಾದ ಸಾದಾ 100 ಒಂದನ್ನು ತೆಗೆದುಕೊ. ಬೇಸಿಗೆಯಲ್ಲಿ ಮುಂದಿನ ಗಾಜು ಮಲಗಿಸಿಕೊಂಡು ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಕಡೆ ಹೋಗಿ ಬಾ. ಅದರ ಸುಖವೇ ಬೇರೆ.

ಈ ಗಾಡಿಯನ್ನು ನೋಡಲೇಬೇಕು ಅಂತಿದ್ದರೆ ಮಾರುವವರಿಂದ ಷಾಸಿ ನಂಬರ್, ಎಂಜಿನ್ ನಂಬರ್ ಫೋಟೊ ತರಿಸು. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡು. ಕೊಟ್ಟರೆ ಭಾನುವಾರ ನಾನೂ ಬರುತ್ತೇನೆ. ಬಾಗಿಲ ಕೆಳಗಿನ ಸಿಲ್, ಷಾಸಿ, ಅಲ್ಯೂಮಿನಿಯಂಗೆ ಉಕ್ಕು ತಾಗುವ ಜಾಗ, ಇವುಗಳಲ್ಲಿ ತುಕ್ಕು ಜಾಸ್ತಿ. ಒಂದು ಮ್ಯಾಗ್ನೆಟ್, ಒಂದು ಟಾರ್ಚ್ ನಾನು ತರುತ್ತೇನೆ. ಚೆಕ್ ಪುಸ್ತಕ ನೀನು ತರಬೇಡ.

ನಿನ್ನ ಸೋದರಮಾವ