ರಾಣಿಯ ಕಡೆ ಉಳಿದವನನ್ನು ಬರೆಯುವ ಬಗೆ

ಪ್ರೀತಿಯ ಗೆಳೆಯರೆ,

ಇಂಗ್ಲೆಂಡಿನ 1554ರ ವಯಾಟ್ ದಂಗೆಯಲ್ಲಿ ರಾಣಿ ಮೇರಿಯ ಕಡೆಯೇ ನಿಂತ ಸಾಮಾನ್ಯ ಸೈನಿಕನೊಬ್ಬನ ಕಥೆ ಬರೆಯುತ್ತಿದ್ದೀರಿ. ಕಷ್ಟದ ಕೆಲಸ. ತಿರುಗಿಬಿದ್ದವನು ಏನೋ ಒಂದನ್ನು ಮಾಡಿರುತ್ತಾನೆ, ಕಥೆಗೆ ಅಷ್ಟು ಸಾಕು. ನಿಂತಲ್ಲೇ ನಿಂತವನು ಏನೂ ಮಾಡದವನಂತೆ ಕಾಣುತ್ತಾನೆ. ಹಾಗಾಗಿಯೇ ನಿಮ್ಮ ಕರಡಿನಲ್ಲಿ ಅವನ ನಿಷ್ಠೆ ಮೊದಲ ಪುಟದಲ್ಲೇ ಹುಟ್ಟುಗುಣವಾಗಿ ಬಂದುಬಿಟ್ಟಿದೆ. ಅದನ್ನು ಅಲ್ಲಿಂದ ತೆಗೆದುಹಾಕಿ. ಜನವರಿ 29ರಂದು ಸ್ಟ್ರೂಡ್‌ನಲ್ಲಿ ಅವನಿಗೇ ಅದು ಗೊತ್ತಾಗಲಿ.

ಸ್ಟ್ರೂಡ್ ಇರುವುದು ಮೆಡ್ವೇ ನದಿಯ ಈಚೆ ದಡದಲ್ಲಿ. ಸೇತುವೆ ದಾಟಿದರೆ ರೋಚೆಸ್ಟರ್, ಅಲ್ಲಿ ಸರ್ ಥಾಮಸ್ ವಯಾಟ್ ಕೆಂಟ್ ಸೀಮೆಯ ಜನರನ್ನು ಕಟ್ಟಿಕೊಂಡು ಕೂತಿದ್ದಾನೆ. ರಾಣಿಯ ದಂಡಿಗೆ ಎಂಬತ್ತು ವರ್ಷದ ನಾರ್ಫೋಕ್ ಡ್ಯೂಕ್ ನಾಯಕ. ಅವನ ಜೊತೆ ತೋಪುಗಳಿವೆ, ಬಿಳಿ ಅಂಗಿಯ ಸುಮಾರು 500 ಲಂಡನ್ ಕಾಲಾಳುಗಳಿದ್ದಾರೆ. ದಾಳಿಯ ಹೊತ್ತಿಗೆ ಅವರ ಕ್ಯಾಪ್ಟನ್ ಅಲೆಕ್ಸಾಂಡರ್ ಬ್ರೆಟ್ ತಿರುಗಿ ನಿಲ್ಲುತ್ತಾನೆ. 'ನಾವೆಲ್ಲ ಇಂಗ್ಲಿಷರು' ಎಂದು ಕೂಗುತ್ತ ಬಿಳಿ ಅಂಗಿಯವರು ಆಚೆ ಕಡೆ ಸೇರುತ್ತಾರೆ, ತೋಪುಗಳೂ ಹೋಗುತ್ತವೆ.

ಆ ಕೂಗಿನಲ್ಲಿ ರಾಣಿಗೆ ಧಿಕ್ಕಾರವಿಲ್ಲ, ಇದನ್ನು ಗಮನಿಸಿ. ವಯಾಟ್ ಹೊರಗೆ ಹೇಳುತ್ತಿದ್ದುದು ರಾಣಿಯ ಕೂದಲೂ ಕೊಂಕಿಸುವುದಿಲ್ಲ, ಸ್ಪೇನಿನ ಫಿಲಿಪ್‌ನೊಂದಿಗಿನ ಮದುವೆ ನಿಲ್ಲಬೇಕು ಎಂದಷ್ಟೇ. ನಿಮ್ಮ ಸೈನಿಕನ ಕಿವಿಗೆ ಬೀಳುವುದು ದೇಶಪ್ರೇಮದ ಮಾತು. ಅದನ್ನು ಹೇಳುತ್ತಿರುವವನು ಅವನ ಕೇರಿಯವನು, ನಿನ್ನೆ ರಾತ್ರಿ ರೊಟ್ಟಿ ಹಂಚಿಕೊಂಡವನು. ಆಜ್ಞೆ ಕೊಡಬೇಕಾದ ಕ್ಯಾಪ್ಟನ್ನೇ ಆಚೆ ಹೋಗಿದ್ದಾನೆ. ಇಷ್ಟೆಲ್ಲ ಅತ್ತ ಎಳೆಯುವಾಗ ಇವನು ಯಾಕೆ ಹೋಗಲಿಲ್ಲ ಎಂಬುದಕ್ಕೆ ನಿಮ್ಮಲ್ಲಿ ಉತ್ತರ ಇರಬೇಕು. ಭಕ್ತಿ, ಭಯ, ಕೊಟ್ಟ ಮಾತು, ಯಾವುದೂ ಆದೀತು. ಆದರೆ ಅದು ಅವನೊಬ್ಬನದೇ ಆಗಿರಲಿ.

ಉಳಿದವರು ಹೇಗೆ ಮನೆ ಸೇರಿದರೆಂದು ಅಂದಿನ ದಿನಚರಿಕಾರನೊಬ್ಬ ಬರೆದಿಟ್ಟಿದ್ದಾನೆ: ಅಂಗಿ ಒಳಹೊರಗಾಗಿದೆ, ಬತ್ತಳಿಕೆಯಲ್ಲಿ ಬಾಣವಿಲ್ಲ, ಬಿಲ್ಲಿಗೆ ಹೆದೆಯಿಲ್ಲ, ಸೊಂಟದಲ್ಲಿ ಕತ್ತಿಯಿಲ್ಲ. ಲಂಡನ್‌ವರೆಗೆ ಸುಮಾರು 30 ಮೈಲಿ ಚಳಿಗಾಲದ ದಾರಿ. ನಿಮ್ಮ ಕಥೆಯ ಜೀವ ಇಲ್ಲಿದೆ, ನಾಲ್ಕು ಪುಟ ಕೊಟ್ಟರೂ ಹೆಚ್ಚಲ್ಲ. ಹೆದೆಯಿಲ್ಲದ ಬಿಲ್ಲು ಬರೀ ಆರಡಿಯ ಕೋಲು, ಊರಿಕೊಂಡು ನಡೆಯಲಿಕ್ಕಾದರೂ ಬರುತ್ತದೆ. ಅಂಗಿಯ ಹೊಲಿಗೆಯ ಒಳಭಾಗ ಹೊರಗೆ ಕಾಣುತ್ತಿರುತ್ತದೆ, ಕಾಲರ್ ಕೊರಳಿಗೆ ಉಜ್ಜುತ್ತದೆ. ಎದುರು ಬಂದವರು ಯಾರ ಕಡೆಯವನು ಎಂದು ಕೇಳಿದರೆ ಇವನು ಏನು ಹೇಳಬೇಕು? ನಿಷ್ಠನಾಗಿ ಉಳಿದವನೇ ತನ್ನ ರಾಣಿಯ ಬಣ್ಣವನ್ನು ಮರೆಮಾಡಿಕೊಂಡು ನಡೆಯುತ್ತಿದ್ದಾನೆ.

ಕನ್ನಡದ ಪದಗಳ ಬಗ್ಗೆ ಎರಡು ಮಾತು. ಈ ಸೈನಿಕನಿಗೆ ನೀವು ಜೋಳವಾಳಿಯ ಋಣ ಹೊರಿಸಿದ್ದೀರಿ. ಜೋಳವಾಳಿ, ವೇಳೆವಾಳಿ ನಮ್ಮ ಹಳೆಯ ವೀರರವು, ಉಂಡ ಅನ್ನಕ್ಕೆ, ಆಡಿದ ಭಾಷೆಗೆ ಪ್ರಾಣ ಕೊಡುವ ಕಟ್ಟು. ಲಂಡನ್‌ನ ಈ ಮನುಷ್ಯ ರಾಣಿಯ ಅನ್ನ ಉಂಡು ಬೆಳೆದವನಲ್ಲ. ಆಗ ಇಂಗ್ಲೆಂಡಿನಲ್ಲಿ ಕಾಯಂ ಸೈನ್ಯವೇ ಇಲ್ಲ. 1485ರಲ್ಲಿ ಶುರುವಾದ ಯೋಮನ್ ಕಾವಲುಪಡೆಯಂಥ ಅರಮನೆಯ ಕೆಲವರನ್ನು ಬಿಟ್ಟರೆ, ಕರೆ ಬಂದಾಗ ಕಸುಬು ಬಿಟ್ಟು ಬಂದವರೇ ಎಲ್ಲ. ದಿನಗೂಲಿ ಆರರಿಂದ ಎಂಟು ಪೆನ್ಸ್. ಹಾಗೆಯೇ 'ಬಂಡಾಯ' ಎಂದಾಗ ನಮ್ಮ ಓದುಗರಿಗೆ ನರಗುಂದ ನೆನಪಾಗುತ್ತದೆ, ಮನಸ್ಸು ಆಗಲೇ ಆಚೆ ಕಡೆ ವಾಲುತ್ತದೆ. ಇವನ ಬಾಯಲ್ಲಿ 'ದಂಗೆ' ಎನ್ನಿಸಿ, ಸಿಟ್ಟು ಬಂದಾಗ 'ದ್ರೋಹ' ಎನ್ನಿಸಿ.

ಆಯುಧದ ವಿಷಯದಲ್ಲಿ ಕರಡು ಎಡವಿದೆ. ನಿಮ್ಮವನು ಕೋವಿ ಎತ್ತಿದ ಕೂಡಲೇ ಹಾರಿಸುತ್ತಾನೆ. ಆಗಿನದು ಬತ್ತಿಯ ಕೋವಿ. ನಳಿಗೆಗೆ ಅಳತೆಯ ಮದ್ದು ಸುರಿಯಬೇಕು, ಗುಂಡು ಹಾಕಿ ಗಜದಿಂದ ಗಟ್ಟಿಸಬೇಕು. ಪಕ್ಕದ ಬಟ್ಟಲಿಗೆ ನುಣ್ಣನೆಯ ಮದ್ದು ಹಾಕಿ ಮುಚ್ಚಳ ಮುಚ್ಚಬೇಕು. ಆಮೇಲೆ ಉರಿಯುವ ಬತ್ತಿಯನ್ನು ಕೊಕ್ಕೆಗೆ ಸಿಕ್ಕಿಸಿ, ಬೂದಿ ಊದಿ ಕೆಂಡ ಮಾಡಿ, ಮುಚ್ಚಳ ತೆಗೆದು, ಒತ್ತಬೇಕು. ಬತ್ತಿ ಎಂದರೆ ಪೆಟ್ಲುಪ್ಪಿನ ನೀರಲ್ಲಿ ನೆನೆಸಿ ಒಣಗಿಸಿದ ನಾರಿನ ಹಗ್ಗ. ಕಾದಾಟ ಬರಲಿ ಬಿಡಲಿ ಅದು ಉರಿದು ಸವೆಯುತ್ತಲೇ ಇರುತ್ತದೆ. ಇಬ್ಬನಿ ತಾಗಿದರೆ ಆರುತ್ತದೆ. ಎಷ್ಟೋ ಸಲ ಬಟ್ಟಲಿನ ಮದ್ದು ಭುಸ್ಸೆಂದು ಉರಿದುಹೋಗುತ್ತದೆ, ಬಟ್ಟಲಿನಿಂದ ನಳಿಗೆಗೆ ಹೋಗುವ ಕಿಂಡಿ ಕಟ್ಟಿಕೊಂಡಿದ್ದರಿಂದ ಒಳಗಿನದು ಹಾರುವುದೇ ಇಲ್ಲ. ಕತ್ತಲಲ್ಲಿ ಆ ಕೆಂಪು ಚುಕ್ಕಿ ಶತ್ರುವಿಗೆ ದೂರದಿಂದಲೇ ಕಾಣುತ್ತದೆ, ಅಡಗಿ ಕೂರಿಸುವ ಮುನ್ನ ಯೋಚಿಸಿ. ಇದೆಲ್ಲ ಬೇಡವೆಂದರೆ ಅವನಿಗೆ ಬಿಲ್ ಕೊಡಿ: ಉದ್ದ ಹಿಡಿಯ ತುದಿಗೆ ಕೊಕ್ಕೆಗತ್ತಿ, ಮೇಲೊಂದು ಚೂಪು. ಬೇಲಿ ಸವರುವ ಕತ್ತಿಯದೇ ವಂಶ.

ತಾರೀಕಿನ ತೊಡಕೂ ಇದೆ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ, ಆದ್ದರಿಂದ ಅಂದಿನ ಕಾಗದಗಳಲ್ಲಿ ಈ ದಂಗೆ 1553ರಲ್ಲಿ ನಡೆದಂತಿರುತ್ತದೆ. ಲಂಡನ್ನಿನ ಕಾದಾಟ ನಡೆದ ಫೆಬ್ರವರಿ 7 ಇಂದಿನ ಕ್ಯಾಲೆಂಡರಿನಲ್ಲಿ ಫೆಬ್ರವರಿ 17. ಹಗಲಿನ ಉದ್ದ ಲೆಕ್ಕ ಹಾಕುವಾಗ ಆ ಹತ್ತು ದಿನ ಮರೆಯಬೇಡಿ. ಅಂದು ಬೂದಿ ಬುಧವಾರ, ಈಸ್ಟರಿಗೆ ಮುಂಚಿನ ಕ್ರೈಸ್ತರ ಉಪವಾಸದ ಮೊದಲ ದಿನ. ಅವನ ಕೈಗೆ ಹುರಿದ ಮಾಂಸ ಕೊಟ್ಟಿದ್ದೀರಿ, ತೆಗೆಯಿರಿ. ಆಲೂಗಡ್ಡೆಯೂ ಆಗ ಇಂಗ್ಲೆಂಡಿಗೆ ಬಂದಿರಲಿಲ್ಲ.

ಅಂದಿನ ಚಿತ್ರ ಹೀಗಿದೆ. ಲಂಡನ್ ಸೇತುವೆ ದಾಟಲಾಗದ ವಯಾಟ್ ಥೇಮ್ಸ್ ನದಿಯ ದಕ್ಷಿಣ ದಡದ ಸೌತ್‌ವರ್ಕ್ ಬಿಟ್ಟು ನದಿಯ ಮೇಲ್ಭಾಗದ ಕಿಂಗ್‌ಸ್ಟನ್‌ಗೆ ಹೋಗಿ, ಅಲ್ಲಿ ಮುರಿದಿದ್ದ ಸೇತುವೆಯನ್ನು ಸರಿಮಾಡಿಸಿ, ರಾತ್ರಿಯಿಡೀ ಕೆಸರಿನಲ್ಲಿ ನಡೆದು ಬಂದ. ತೋಪಿನ ಗಾಡಿ ಮುರಿದು ಇನ್ನಷ್ಟು ತಡವಾಯಿತು. ಎರಡೂ ಕಡೆಯವರ ಉಡುಪು ಒಂದೇ ಥರ, ಹೀಗಾಗಿ ದಂಗೆಯವರನ್ನು ಗುರುತಿಸಿದ್ದು ಬಟ್ಟೆಗೆ ಹತ್ತಿದ ಕೆಸರಿನಿಂದ. ನಿಮ್ಮವನು ಮುಖ ನೋಡುವ ಮೊದಲು ಮೊಣಕಾಲು ನೋಡಲಿ. ಪೆಂಬ್ರೋಕ್ ಅರ್ಲ್‌ನ ದಂಡು ವಯಾಟ್‌ನ ಮುಂಚೂಣಿಯನ್ನು ಹೋಗಗೊಟ್ಟು ಹಿಂದಿನವರನ್ನು ಕತ್ತರಿಸಿತು. ಸಾಲಿನಲ್ಲಿ ನಿಂತವನಿಗೆ ಈ ತಂತ್ರ ಯಾರು ಬಿಡಿಸಿ ಹೇಳುತ್ತಾರೆ? ಸ್ಟ್ರೂಡ್ ಕಂಡವನು ಮತ್ತೆ ಮೋಸವಾಯಿತೆಂದೇ ತಿಳಿಯುತ್ತಾನೆ. ಲಂಡನ್ ಕೋಟೆಯ ಲಡ್‌ಗೇಟ್ ಬಾಗಿಲು ತೆರೆಯಲಿಲ್ಲ, ವಯಾಟ್ ಹಿಂತಿರುಗಿ ಟೆಂಪಲ್ ಬಾರ್ ಬಳಿ ಶರಣಾದ. ಈ ಭಾಗ ಬೇಗ ಮುಗಿಸಿ.

ಕಥೆಯನ್ನು ಅಲ್ಲಿಗೇ ನಿಲ್ಲಿಸಬೇಡಿ, ಇನ್ನೆರಡು ವಾರ ಮುಂದೆ ಹೋಗಿ. ಬ್ರೆಟ್‌ನನ್ನು ಗಲ್ಲಿಗೇರಿಸಿದರು. ಆದರೆ ಫೆಬ್ರವರಿ 22ರಂದು ನೂರಾರು ಕೈದಿಗಳನ್ನು ಕೊರಳಿಗೆ ಹಗ್ಗ ಹಾಕಿ ವೆಸ್ಟ್‌ಮಿನ್‌ಸ್ಟರ್‌ಗೆ ನಡೆಸಿದರು, ರಾಣಿ ಕ್ಷಮಿಸಿಬಿಟ್ಟಳು. ಅವರು ರಾಣಿಗೆ ಜಯವಾಗಲೆಂದು ಕೂಗುತ್ತ ಹಗ್ಗಗಳನ್ನು ಬೀದಿಯಲ್ಲಿ ಎಸೆದರು. ನಿಮ್ಮ ಸೈನಿಕ ಆ ಬೀದಿಯಲ್ಲಿ ನಿಂತಿರಲಿ. ಸ್ಟ್ರೂಡ್‌ನಲ್ಲಿ ಪಕ್ಕದಿಂದ ಎದ್ದುಹೋದವನು ಎಸೆದ ಹಗ್ಗ ಇವನ ಕಾಲ ಬಳಿ ಬಂದು ಬೀಳಲಿ.