ಫಿಟ್ಸ್ ಬಂದ ದಿನ, ಮುಟ್ಟಾದ ದಿನ: ಒಂದೇ ಕ್ಯಾಲೆಂಡರಿನಲ್ಲಿರಲಿ

ಮಾನ್ಯ ಸಂಪಾದಕರೇ,

ಮೂರ್ಛೆರೋಗದ ಬಗ್ಗೆ ಬರುವ ಲೇಖನಗಳಲ್ಲಿ ನಿದ್ದೆಗೆಡಬೇಡಿ, ಮಾತ್ರೆ ತಪ್ಪಿಸಬೇಡಿ ಎಂಬ ಮಾತು ಇದ್ದೇ ಇರುತ್ತದೆ. ಮುಟ್ಟಿನ ಮಾತು ಮಾತ್ರ ಬರುವುದೇ ಇಲ್ಲ. ಈ ರೋಗವಿರುವ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಫಿಟ್ಸ್ ಋತುಚಕ್ರದ ಕೆಲವು ದಿನಗಳಲ್ಲೇ ಗುಂಪಾಗಿ ಬರುತ್ತದೆ.

ಕಾರಣ ಹಾರ್ಮೋನುಗಳ ಏರಿಳಿತ. ಈಸ್ಟ್ರೋಜೆನ್ ಮಿದುಳಿನ ನರಕೋಶಗಳನ್ನು ಕೆರಳಿಸುತ್ತದೆ. ಪ್ರೊಜೆಸ್ಟರಾನ್ ದೇಹದಲ್ಲಿ ಅಲೋಪ್ರೆಗ್ನನೊಲೋನ್ ಎಂಬ ವಸ್ತುವಾಗಿ ಬದಲಾಗಿ, ನರಕೋಶಗಳನ್ನು ತಣಿಸುವ ಗಾಬಾ ವ್ಯವಸ್ಥೆಗೆ ಬಲ ಕೊಡುತ್ತದೆ. ಮುಟ್ಟಿಗೆ ಮುಂಚೆ ಪ್ರೊಜೆಸ್ಟರಾನ್ ಸರ್ರನೆ ಇಳಿದಾಗ ಆ ಆಸರೆ ತಪ್ಪುತ್ತದೆ. ಫಿಟ್ಸ್ ತಡೆಯಲು ಕೊಡುವ ಕ್ಲೋಬಜಾಮ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮರುಕಳಿಸುವುದೂ ಹೀಗೆಯೇ. ಕೆಲವರಿಗೆ ಅಂಡ ಬಿಡುಗಡೆಯ ಆಸುಪಾಸಿನಲ್ಲಿ ಕಾಟ ಹೆಚ್ಚು. ಅಂಡವೇ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಏರುವುದಿಲ್ಲವಾದ್ದರಿಂದ ಚಕ್ರದ ಉತ್ತರಾರ್ಧವೆಲ್ಲ ಕೆಡಬಹುದು.

ಇದನ್ನು ಪತ್ತೆಮಾಡಲು ಸ್ಕ್ಯಾನ್ ನೆರವಾಗದು, ಕ್ಯಾಲೆಂಡರ್ ಬೇಕು. ರಕ್ತಸ್ರಾವ ಶುರುವಾದ ದಿನ 1ನೇ ದಿನ. ಅದಕ್ಕೆ ಹಿಂದಿನ 3 ದಿನ ಮತ್ತು ಅದೂ ಸೇರಿ 3 ದಿನ, ಒಟ್ಟು 6 ದಿನಗಳ ಫಿಟ್ಸನ್ನು ಬೇರೆಯಾಗಿ ಎಣಿಸಬೇಕು. 28 ದಿನಗಳ ಮೂರು ಚಕ್ರಗಳಲ್ಲಿ ಇಂಥ 18 ದಿನಗಳಲ್ಲಿ 9 ಸಲ, ಉಳಿದ 66 ದಿನಗಳಲ್ಲಿ 11 ಸಲ ಬಂದಿದೆ ಎನ್ನಿ. 'ಮುಟ್ಟಿನಲ್ಲಿ 9, ಬೇರೆ ದಿನ 11, ಹಾಗಾದರೆ ಸಂಬಂಧವಿಲ್ಲ' ಎಂದು ಕೈಬಿಡುವ ತಪ್ಪು ಆಗುವುದು ಇಲ್ಲೇ. ದಿನದ ಸರಾಸರಿ ತೆಗೆದರೆ ಒಂದು ಕಡೆ 0.5, ಇನ್ನೊಂದು ಕಡೆ 0.17, ಅಂದರೆ ಮೂರು ಪಟ್ಟು! ಅಂಡ ಬಿಡುಗಡೆಯ ದಿನವನ್ನು ಮುಂದಿನ ಮುಟ್ಟಿನಿಂದ 14 ದಿನ ಹಿಂದಕ್ಕೆ ಎಣಿಸಬೇಕು. 1ನೇ ದಿನದಿಂದ ಮುಂದಕ್ಕೆ ಎಣಿಸಿದರೆ ಚಕ್ರ ಉದ್ದವಿರುವವರಲ್ಲಿ ಲೆಕ್ಕ ತಪ್ಪುತ್ತದೆ. ಮಾತ್ರೆ ಮರೆತ ದಿನ, ನಿದ್ದೆಗೆಟ್ಟ ರಾತ್ರಿ ಅದೇ ಹಾಳೆಯಲ್ಲಿರಲಿ. ಇಲ್ಲದಿದ್ದರೆ ಅವುಗಳ ತಪ್ಪನ್ನೂ ಹಾರ್ಮೋನಿನ ತಲೆಗೆ ಕಟ್ಟಿದಂತಾಗುತ್ತದೆ.

ಈ ಲೆಕ್ಕ ಏಕೆ ಮುಖ್ಯ ಎಂಬುದನ್ನು 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿತು. ಅದರಲ್ಲಿ 294 ಮಹಿಳೆಯರಿದ್ದರು. ಚಕ್ರದ 14ನೇ ದಿನದಿಂದ ನೈಸರ್ಗಿಕ ಪ್ರೊಜೆಸ್ಟರಾನನ್ನು ದಿನಕ್ಕೆ ಮೂರು ಸಲ 200 ಮಿಲಿಗ್ರಾಂನಂತೆ ಕೊಟ್ಟು, ಕೊನೆಯ ದಿನಗಳಲ್ಲಿ ಇಳಿಸುತ್ತ ಬಂದರು. ಒಟ್ಟಾರೆ ನೋಡಿದರೆ ಔಷಧಿಯಿಲ್ಲದ ಸುಳ್ಳು ಮಾತ್ರೆಗಿಂತ ಗಣನೀಯ ಲಾಭ ಕಾಣಲಿಲ್ಲ. ಮುಟ್ಟಿನ ಆಸುಪಾಸಿನಲ್ಲಿ ಫಿಟ್ಸ್ ಮೂರು ಪಟ್ಟು ಅಥವಾ ಹೆಚ್ಚು ಇದ್ದವರಿಗೆ ಮಾತ್ರ ಗುಣ ಸಿಕ್ಕಿತು. ಕ್ಯಾಲೆಂಡರ್ ಇಲ್ಲದೆ ಈ ಮಾತ್ರೆ ಬರೆಯುವುದು ಕತ್ತಲಲ್ಲಿ ಕಲ್ಲೆಸೆದಂತೆ ಎಂದೇ ನಮ್ಮ ಅಭಿಪ್ರಾಯ. ಮುಟ್ಟು ಮುಂದೂಡಲು ನುಂಗುವ ನೊರೆಥಿಸ್ಟೆರಾನ್ ಇದಕ್ಕೆ ಬದಲಿಯಲ್ಲ. ಅದು ಅಲೋಪ್ರೆಗ್ನನೊಲೋನ್ ಆಗುವುದಿಲ್ಲ.

ಮುಟ್ಟು ಕ್ರಮವಾಗಿ ಬರುವವರಿಗೆ ಇನ್ನೊಂದು ದಾರಿ, ಮುಟ್ಟಿನ ಆಸುಪಾಸಿನ ಹತ್ತು ದಿನ ಮಾತ್ರ ಕ್ಲೋಬಜಾಮ್. ಅದರಿಂದ ತೂಕಡಿಕೆ ಬರಬಹುದು. ಮುಟ್ಟು ಹಿಂದುಮುಂದಾಗುವವರಲ್ಲಿ ಯಾವಾಗ ಶುರುಮಾಡಬೇಕೆಂಬುದೇ ತಿಳಿಯದೆ ಈ ಉಪಾಯ ಕೈಕೊಡುತ್ತದೆ. ಎರಡನ್ನೂ ವೈದ್ಯರು ಹೇಳದೆ ಶುರುಮಾಡಬಾರದು. ದಿನನಿತ್ಯದ ಮಾತ್ರೆಗಳಂತೂ ನಿಲ್ಲಲೇಬಾರದು.

ನಮ್ಮನ್ನು ಹೆಚ್ಚು ಕಾಡುವುದು ಗರ್ಭನಿರೋಧಕ ಮಾತ್ರೆಗಳ ವಿಷಯ. ಈಸ್ಟ್ರೋಜೆನ್ ಇರುವ ಮಾತ್ರೆ ಶುರುವಾದರೆ ರಕ್ತದಲ್ಲಿ ಲ್ಯಾಮೊಟ್ರಿಜಿನ್ ಎಂಬ ಫಿಟ್ಸ್ ಔಷಧಿಯ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಬಹುದು; ಹಿಡಿತದಲ್ಲಿದ್ದ ಫಿಟ್ಸ್ ಮತ್ತೆ ತಲೆಯೆತ್ತುತ್ತದೆ. ಗರ್ಭನಿರೋಧಕ ಮಾತ್ರೆಯಿಲ್ಲದ ವಾರದಲ್ಲಿ ಅದೇ ಔಷಧಿ ಏರಿ ತಲೆಸುತ್ತು, ಕಣ್ಣಿಗೆ ಎರಡೆರಡು ಕಾಣುವುದು ಶುರುವಾಗುತ್ತದೆ. ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೊಬಾರ್ಬಿಟಾಲ್ ಎಂಬ ಫಿಟ್ಸ್ ಔಷಧಿಗಳು ಮಾಡುವುದು ಇದರ ತಿರುಗುಮುರುಗು: ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಗರ್ಭನಿರೋಧಕವನ್ನೇ ದುರ್ಬಲಗೊಳಿಸುತ್ತವೆ. ಕಾಪರ್-ಟಿಗೆ ಈ ತೊಂದರೆಯಿಲ್ಲ. ನರರೋಗ ತಜ್ಞರ ಚೀಟಿಯನ್ನು ಸ್ತ್ರೀರೋಗ ತಜ್ಞರಿಗೂ, ಅವರ ಚೀಟಿಯನ್ನು ಇವರಿಗೂ ತೋರಿಸಿ. ಫಿಟ್ಸ್‌ಗೆಂದು ಬರುವ ಪ್ರತಿ ಹೆಣ್ಣುಮಗಳನ್ನೂ ಕಳೆದ ಮುಟ್ಟಿನ ತಾರೀಖು ಕೇಳಿ ಬರೆದುಕೊಳ್ಳುವಂತೆ ವೈದ್ಯ ಮಿತ್ರರಲ್ಲಿ ನಮ್ಮ ವಿನಂತಿ.

– ಮೂರ್ಛೆರೋಗ ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು